ಸದ್ದಿಲ್ಲದ ಕುರ್ಚಿ

ಆ ಕುರ್ಚಿಯನ್ನು ಒಳಗೆ ತರಲು ಮುಂಬಾಗಿಲನ್ನೇ ಕಳಚಬೇಕಾಯಿತು. ಮುಚ್ಚಿಹೋದ ಯಾವುದೋ ಹೋಟೆಲಿನಿಂದ ಅಗ್ಗಕ್ಕೆ ಸಿಕ್ಕ ಮಾಲು. ಕೆಂಪು ರೆಕ್ಸಿನ್ನಿನ ದೊಡ್ಡ ಮೈ, ತೋಳಿಗೆ ಮೆತ್ತೆ, ಬುಡದಲ್ಲಿ ಕಾಲಿಡಲು ಬಿಳಿ ತೊಟ್ಟಿ. ಗುಂಡಿ ಒತ್ತಿದರೆ ತೊಟ್ಟಿಯ ನೀರು ಬೆಚ್ಚಗಾಗಿ, ಗುಳುಗುಳು ಗುಳ್ಳೆಯೆದ್ದು, ಅದೇ ನೀರು ಒಳಗೊಳಗೇ ಸುತ್ತಿ ಬಂದು ಕಾಲು ನೀವುತ್ತಿತ್ತು. ನಾಲ್ವರು ಅದನ್ನು ಏದುಸಿರು ಬಿಡುತ್ತ ಮುಂದಿನ ಕೋಣೆಯಲ್ಲಿ ಇಳಿಸುವಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

“ಕಾಲು ತೊಳ್ಕೊಳ್ಳೋಕೆ ಸಿಂಹಾಸನ ಬೇಕೇನೇ?”

“ತೊಳ್ಕೊಳ್ಳೋಕಲ್ಲ ಅತ್ತೆ, ಆರೈಕೆಗೆ,” ಎಂದಳು ಸೊಸೆ.

“ಓಹೋ! ನಾನು ಲಾಂಡ್ರೀಲಿ ಆಯಸ್ಸೆಲ್ಲ ನಿಂತ ಕಾಲಲ್ಲೇ ಇಸ್ತ್ರಿ ಮಾಡ್ದೆ. ಒಬ್ಬರೂ ನನ್ನ ಕಾಲಿಗೆ ಆರೈಕೆ ಮಾಡ್ಲಿಲ್ಲ. ಉದುರಿಹೋದ್ವಾ?”

“ಉದುರಲಿಲ್ಲ. ಆದ್ರೆ ದಿನಾ ಮಲಗೋ ಹೊತ್ತಿಗೆ ಅಯ್ಯಯ್ಯೋ ಅಂತ ನರಳ್ತೀರಲ್ಲ, ಅದು ಯಾರ ಕಾಲು?”

ಉತ್ತರ ಹೊಳೆಯದಾಗ ಒಲೆಯ ಮೇಲಿನ ಪಾತ್ರೆಗಳನ್ನು ಢಣಢಣ ಕದಲಿಸುವುದು ಅವಳ ಅಭ್ಯಾಸ. ಹೋಗಿ ಕದಲಿಸಿದಳು.

ಕೋಪಕ್ಕೆ ಕಾರಣ ಕುರ್ಚಿಯಲ್ಲ, ಕೋಣೆ. ಆ ಮುಂದಿನ ಕೋಣೆ ಅತ್ತೆಯದಾಗಿತ್ತು. ಕಿಟಕಿಯ ಪಕ್ಕ ಅವಳ ಮಂಚ. ಬೀದಿಯಲ್ಲಿ ಯಾರು ಹೋದರು, ಯಾರ ಜೊತೆ ಹೋದರು, ಕೈಯಲ್ಲೇನಿತ್ತು ಎಂಬುದೆಲ್ಲ ಮಲಗಿದಲ್ಲಿಗೇ ಬರುತ್ತಿತ್ತು. ಸೊಸೆ ಬೇರೆಯವರ ಬ್ಯೂಟಿ ಪಾರ್ಲರಿನಲ್ಲಿ ವರ್ಷಗಟ್ಟಲೆ ಬಗ್ಗಿ ಬಗ್ಗಿ ಬೆನ್ನು ಹಾಳುಮಾಡಿಕೊಂಡವಳು. ಇನ್ನು ಬಗ್ಗಿದರೆ ಸ್ವಂತಕ್ಕೇ ಬಗ್ಗುತ್ತೇನೆ ಎಂದು ಹಟ ಹಿಡಿದಳು. ಮುಂದಿನ ಕೋಣೆ ಪಾರ್ಲರಾಯಿತು, ಅತ್ತೆಯ ಮಂಚ ಹಿಂದಿನ ಕೋಣೆಗೆ, ಮೊಮ್ಮಗಳ ಮಂಚದ ಪಕ್ಕಕ್ಕೆ ಹೋಯಿತು. ಮೊಮ್ಮಗಳು ಹೈಸ್ಕೂಲು ಹುಡುಗಿ, ಬಾಯಿ ಸುಮ್ಮನಿದ್ದದ್ದಿಲ್ಲ, ಅದಕ್ಕೇ ಮನೆಯಲ್ಲಿ ಚಿನಕುರಳಿ ಎಂದೇ ಕರೆಯುತ್ತಿದ್ದರು. ಅಜ್ಜಿ ಗೊರಕೆ ಹೊಡೆಯುತ್ತಾಳೆ ಎಂದು ಮೊದಮೊದಲು ರಂಪ ಮಾಡಿದಳು. ಆಮೇಲೆ ಗೊರಕೆ ಕೇಳದಿದ್ದರೆ ನಿದ್ದೆಯೇ ಬರುವುದಿಲ್ಲ ಎಂದಳು.

ಇನ್ನು ಮಗ. ಅವನು ಲಿಫ್ಟ್ ಮೆಕ್ಯಾನಿಕ್ಕು. ದಿನವೆಲ್ಲ ಎತ್ತರದ ಕಟ್ಟಡಗಳ ಕತ್ತಲ ಬಾವಿಯಲ್ಲಿ ನೇತಾಡಿಕೊಂಡು, ಎಲ್ಲಿ ಕಿರ್ರೆನ್ನುತ್ತದೆ, ಎಲ್ಲಿ ಕಟಕಟ ಎನ್ನುತ್ತದೆ ಎಂದು ಕಿವಿಗೊಟ್ಟು ಹುಡುಕುವುದೇ ಕೆಲಸ. ಅವನ ಪಾಲಿಗೆ ಸದ್ದೆಂದರೆ ರೋಗ. ಕುರ್ಚಿಗೆ ನೀರು ತುಂಬಿ ಚಾಲೂ ಮಾಡಿದಾಗ ತೊಟ್ಟಿಯ ಬದಿಯಲ್ಲಿದ್ದ ಅಂಗೈಯಗಲದ ಜಾಲರಿ ತಟತಟ ಬಡಿಯತೊಡಗಿತು. ನೀರನ್ನು ಒಳಕ್ಕೆ ಎಳೆಯುವ ಜಾಗ ಅದು. ಸ್ಕ್ರೂಗಳು ಸವೆದುಹೋಗಿದ್ದವು. ಅವನು ಅಂಚಿನ ಸುತ್ತ ರಬ್ಬರಿನಂಥ ಗೋಂದು ಹಿಂಡಿ, ಹೆಬ್ಬೆರಳಿನಿಂದ ನೀವಿ, ಒಣಗಲು ಬಿಟ್ಟ. ಮಾರನೆಯ ದಿನ ಮನೆಯವರನ್ನೆಲ್ಲ ಕರೆದು ಗುಂಡಿ ಒತ್ತಿದ.

“ಕೇಳಿ. ಏನಾದ್ರೂ ಕೇಳ್ಸತ್ತಾ?”

“ಇಲ್ಲಪ್ಪ,” ಎಂದಳು ಚಿನಕುರಳಿ.

“ನಿಮ್ಮ ಕೈ ಅಂದ್ರೆ ಕೈ,” ಎಂದಳು ಹೆಂಡತಿ. ಅವನು ಆ ಮಾತನ್ನು ಒಂದು ವಾರ ಮೆಲುಕು ಹಾಕಿದ, ಪಾಪ.

ಪಾರ್ಲರು ಚೆನ್ನಾಗಿಯೇ ನಡೆಯಿತು. ಪಕ್ಕದ ಶಾಲೆಯ ಟೀಚರು, ಬ್ಯಾಂಕಿನಾಕೆ, ಔಷಧಿ ಅಂಗಡಿಯ ಹುಡುಗಿಯರು ಎಲ್ಲರೂ ಬಂದರು. ಸೊಸೆ ಶುಚಿಗೆ ಹೆಸರಾದವಳು. ಕತ್ತರಿ, ಉಗುರು ಕತ್ತರಿಸುವ ಇಕ್ಕಳ ಎಲ್ಲವನ್ನೂ ಕುದಿಸುತ್ತಿದ್ದಳು. ತೊಟ್ಟಿಯನ್ನಂತೂ ಮುಖ ಕಾಣುವಷ್ಟು ಉಜ್ಜುತ್ತಿದ್ದಳು. ಸಂಜೆ ಕೊನೆಯ ಗಿರಾಕಿ ಎದ್ದುಹೋದ ಮೇಲೆ ಒದ್ದೆ ಟವೆಲುಗಳ ಬುಟ್ಟಿ ಎತ್ತಿಕೊಂಡು ಮಾಳಿಗೆಗೆ ಹೋಗಿ ಹರವಿ, ಹಾಗೇ ತರಕಾರಿ ತಂದು, ಬಂದವಳೇ ಸೆರಗು ಸಿಕ್ಕಿಸಿ, ನೀರು ಚೆಲ್ಲಿ ತೊಟ್ಟಿ ಉಜ್ಜಲು ಕೂರುವಳು.

ಅವಳು ಮಾಳಿಗೆ ಹತ್ತಿದ ಮೇಲೆ ತಿರುಗಿ ಬರುವವರೆಗಿನ ಹೊತ್ತು ಅತ್ತೆಯದು.

ಮೊದಲ ಸಲ ಅತ್ತೆ ನೀರಿಗೆ ಬೆರಳಿಟ್ಟು ನೋಡಿದಳು ಅಷ್ಟೆ. “ಇಷ್ಟು ಬಿಸಿನೀರು ಸುಮ್ನೆ ಚೆಲ್ತಾಳಲ್ಲೇ! ಯಾವ ರಾಜರ ಮಗಳು?” ಎಂದು ಮೊಮ್ಮಗಳ ಮುಂದೆ ಗೊಣಗಿದಳು.

“ಕಾಲಿಡಜ್ಜಿ, ಗುಂಡಿ ನಾನು ಒತ್ತೀನಿ.”

“ಥೂ, ಬೇಡ. ನಿಮ್ಮಮ್ಮ ಬಂದ್ರೆ ನನ್ನ ಮಾನ ಉಳಿಯತ್ತಾ?”

ಆದರೂ ಇಟ್ಟಳು. ಗುಳ್ಳೆಗಳು ಮೀನಖಂಡ ಮುಟ್ಟಿದಾಗ ಅವಳ ಬಾಯಿಂದ ಒಂದು ಉಸ್ಸೆನ್ನುವ ಉಸಿರು ಬಂತು. ಚಿನಕುರಳಿ ಅಜ್ಜಿ ಅಳುತ್ತಿದ್ದಾಳೆಂದೇ ತಿಳಿದಳು. ಅಳುತ್ತಿರಲಿಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಕಾಲು ನೋಯುತ್ತಿರಲಿಲ್ಲ, ಅಷ್ಟೇ. ಅಂದಿನಿಂದ ದಿನವೂ ಅದೇ ಆಯಿತು. ಒಣಗಿ ತುರಿಸುವ ಮೊಣಕಾಲ ಕೆಳಗನ್ನು ಒರಟು ಕಲ್ಲಿನಿಂದ ಕೆಂಪಗಾಗುವಂತೆ ಉಜ್ಜಿ, ಕೊನೆಯ ಗಿರಾಕಿಯ ನೀರಲ್ಲೇ ಕಾಲು ಇಳಿಬಿಟ್ಟು ಕಣ್ಣುಮುಚ್ಚಿ ಕೂರುವಳು.

“ಅಮ್ಮಂಗೆ ಹೇಳಿದ್ಯೋ, ನಾಲಿಗೆ ಕಿತ್ತು ಕೈಗೆ ಕೊಟ್ಬಿಡ್ತೀನಿ,” ಎಂದು ಮೊಮ್ಮಗಳನ್ನು ಹೆದರಿಸಿದ್ದಳು. ಸಿಂಹಾಸನ ಎಂದು ಆಡಿಕೊಂಡವಳು ಅದರ ಮೇಲೆ ಕೂತಿದ್ದಾಳೆಂದು ಗೊತ್ತಾದರೆ ಸೊಸೆಯ ಮುಂದೆ ತಲೆಯೆತ್ತುವುದು ಹೇಗೆ?

ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಯ ಎಡಗಾಲಲ್ಲಿ ಕಡಲೆಯಷ್ಟು ಗುಳ್ಳೆ ಎದ್ದಿತು. ಸೊಳ್ಳೆ ಎಂದಳು. ಅದು ನೇರಳೆ ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಒಂದು ದಿನ ಒಡೆದು ಕೀವು ಬಂತು. ಅದು ಆರುವ ಮೊದಲೇ ಪಕ್ಕದಲ್ಲಿ ಇನ್ನೊಂದು, ಬಲಗಾಲಲ್ಲಿ ಮತ್ತೊಂದು. ಜ್ವರ ಇಲ್ಲ, ಅಂಥ ನೋವೂ ಇಲ್ಲ, ಆದರೆ ಜಪ್ಪಯ್ಯ ಎಂದರೂ ವಾಸಿಯಾಗದು. ಉದ್ದ ಬಟ್ಟೆ ಇಳಿಬಿಟ್ಟುಕೊಂಡು ಓಡಾಡಿದಳು. ಮುಚ್ಚಿಟ್ಟದ್ದು ಹಾಸಿಗೆ ಬಟ್ಟೆ ಒಗೆಯುವ ದಿನ ಬಯಲಾಯಿತು. ಸೊಸೆ ಕಲೆಯಾದ ಹೊದಿಕೆ ಹಿಡಿದು ಅಡುಗೆಮನೆಗೇ ಬಂದಳು.

“ಏನಿದು?”

“ಏನೋ ಕಲೆ.”

“ಕಾಲು ತೋರ್ಸಿ.” ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. “ಅಯ್ಯೋ ದೇವ್ರೇ! ಹತ್ತು ಜನ ಬಂದುಹೋಗೋ ಮನೆ ಇದು. ಇಂಥದ್ದನ್ನ ಮುಚ್ಚಿಡ್ತಾರಾ?”

“ಬರೋರು ನಿನ್ನ ಕೋಣೆಗೆ ಬರ್ತಾರೆ. ನನ್ನ ಕಾಲು ನೋಡೋಕೆ ಯಾರು ಬರ್ತಾರೆ?”

“ಮಾತಿಗೇನೂ ಕಮ್ಮಿಯಿಲ್ಲ!”

“ಅದೊಂದಾದ್ರೂ ನನ್ನ ಹತ್ರ ಬಿಡು. ಕೋಣೆಯಂತೂ ಕೊಟ್ಟಾಯ್ತು.”

ಬೀದಿಯ ಕೊನೆಯ ಡಾಕ್ಟರು ಮಾತ್ರೆ ಕೊಟ್ಟರು, ಮುಲಾಮು ಕೊಟ್ಟರು, ಮಾತ್ರೆ ಬದಲಾಯಿಸಿದರು. ಗುಳ್ಳೆಗಳು ಅವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಕೊನೆಗೆ ಗಾಯದ ರಸ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ತರಲು ಹೋದವನು ಮಗ. ಸಂಜೆ ಬಂದವನೇ ಕೈಯನ್ನು ಸೋಪು ಹಚ್ಚಿ ಹಚ್ಚಿ ತೊಳೆದ. ಊಟಕ್ಕೆ ಕೂತರೂ ಅನ್ನ ಕಲಸುತ್ತಲೇ ಇದ್ದ, ಬಾಯಿಗಿಡಲಿಲ್ಲ.

“ಏನಂದ್ರೋ?” ಎಂದಳು ಅತ್ತೆ.

“ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಗಾಯದ ರಸ ಅಲ್ಲಿಗೇ ಹೋಗಿದೆ, ಅದರಲ್ಲಿರೋದನ್ನ ಬೆಳೆಸಿ ನೋಡಬೇಕಂತೆ. ವಾರಗಟ್ಟಲೆ ಹಿಡಿಯತ್ತಂತೆ.”

“ಏನು ಸಿಕ್ತು ಅಂತ ಹೇಳೋ. ನಾನೇನು ಮಗುನಾ?”

ಅವನು ತಟ್ಟೆ ನೋಡುತ್ತ ಹೇಳಿದ. “ಕ್ಷಯದ ಜಾತಿ ಹುಳ ಇದ್ದಂಗಿದೆಯಂತೆ.”

ಆ ಮನೆಯಲ್ಲಿ ಕ್ಷಯ ಎಂಬುದು ಹೊಸ ಪದವಲ್ಲ. ಮಗ ಅಂಬೆಗಾಲಿಡುವಾಗ ಅವನ ಅಪ್ಪ ಕೆಮ್ಮಿ ಕೆಮ್ಮಿ ಹೋದದ್ದು ಅದರಿಂದಲೇ. ಅತ್ತೆ ಎದ್ದಳು. ಸ್ಟೂಲು ಹಾಕಿ, ಯಾರ ಸಹಾಯವನ್ನೂ ಕೇಳದೆ, ಅಟ್ಟದ ಮೇಲಿಂದ ನೀಲಿ ಅಂಚಿನ ಹಳೆಯ ಎನಾಮಲ್ ತಟ್ಟೆಯೊಂದನ್ನು ಇಳಿಸಿದಳು. ಎರಡು ಕಡೆ ಬಿಳಿ ಲೇಪ ಚಕ್ಕೆಯೆದ್ದು ಕಪ್ಪು ಕಾಣುತ್ತಿತ್ತು. ತೊಳೆದು, ತನ್ನ ಅನ್ನ ಬೇಳೆಯನ್ನು ಅದಕ್ಕೆ ಸುರಿದುಕೊಂಡು, ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತಳು.

“ಅದ್ಯಾವ ತಟ್ಟೆ ಅಜ್ಜಿ?” ಎಂದಳು ಚಿನಕುರಳಿ.

“ನಿಮ್ಮ ತಾತಂದು. ಅವರಿಗೆ ಬೇರೆ ಇಟ್ಟಿದ್ದೆ.”

ಬೇಡ ಅತ್ತೆ, ಒಳಗೆ ಬನ್ನಿ ಎನ್ನಲು ಎಷ್ಟು ಹೊತ್ತು ಬೇಕು? ಸೊಸೆಯ ಬಾಯಿ ತೆರೆಯಿತು. ಮಗಳ ಮುಖ ನೋಡಿದಳು, ಮುಂದಿನ ಕೋಣೆಯ ಪರದೆ ನೋಡಿದಳು, ಬಾಯಿ ಮುಚ್ಚಿದಳು. ಸುಳ್ಳೇಕೆ ಹೇಳಲಿ, ಅವಳಿಗೆ ಒಳಗೊಳಗೇ ಒಂದಿಷ್ಟು ನೆಮ್ಮದಿಯೂ ಆಯಿತು. ತಾನು ಹೇಳಬೇಕಾದ್ದನ್ನು ಮುದುಕಿ ತಾನೇ ಮಾಡಿದ್ದಳು.

ಆಮೇಲೆ ಮನೆ ಎರಡು ಪಾಲಾಯಿತು. ಚಿನಕುರಳಿಯ ಹಾಸಿಗೆ ಪಾರ್ಲರಿನ ನೆಲಕ್ಕೆ ಬಂತು. “ಕುರ್ಚಿ ಕಾಲಡಿ ಮಲಗೋಕೆ ನಾನೇನು ನಾಯೀನಾ?” ಎಂದು ಅತ್ತಳು. ಅತ್ತೆಯ ಬಟ್ಟೆ ಬೇರೆ ಬಕೆಟ್ಟಿಗೆ, ಲೋಟ ಬೇರೆ ಗೂಡಿಗೆ. ಚಹಾವನ್ನು ಸೊಸೆ ಕಿಟಕಿಯ ಕಟ್ಟೆಯ ಮೇಲಿಟ್ಟು ಬೆರಳಲ್ಲಿ ತಟ್ಟಿ ಹೋಗುವಳು. ಮೊಟ್ಟೆ ಬೇಯಿಸಿದರೂ ಹಾಗೇ, ಬ್ರೆಡ್ಡು ಸುಟ್ಟರೂ ಹಾಗೇ. ಪಾರ್ಲರಿನತ್ತ ಹಾಯಬೇಡಿ ಎಂದು ಮೊದಲೇ ಹೇಳಿಯಾಗಿತ್ತು, ಹಾಗಾಗಿ ಸಂಜೆಯ ಸಿಂಹಾಸನವೂ ತಪ್ಪಿತು. ಮುದುಕಿಗೆ ಹುಣ್ಣಿನದಕ್ಕಿಂತ ಅದರ ದುಃಖವೇ ಹೆಚ್ಚಾಗಿತ್ತು, ಆದರೆ ಹೇಳಿಕೊಳ್ಳುವುದು ಯಾರ ಹತ್ತಿರ? ಸೊಸೆಯೂ ಸುಖವಾಗಿರಲಿಲ್ಲ. ಟವೆಲು ಕುದಿಸುವುದು, ನೆಲಕ್ಕೆ ಫಿನಾಯಿಲು, ಎರಡು ಸಲ ಪಾತ್ರೆ, ಎರಡು ಸಲ ಒಗೆತ, ಮಧ್ಯೆ ಗಿರಾಕಿಗಳ ಮುಂದೆ ನಗು. ಸಾಕಪ್ಪಾ ಸಾಕು ಎಂದು ಗೋಡೆಗೆ ಹೇಳಿಕೊಳ್ಳುತ್ತಿದ್ದಳು.

ಮಗ ಅಕ್ಕನಿಗೆ ಫೋನು ಮಾಡಿದ. “ಸ್ವಲ್ಪ ದಿನ ಅಮ್ಮನ್ನ ನಿಮ್ಮನೇಲಿ ಇಟ್ಕೊಳ್ತೀಯಾ?”

“ಮಕ್ಕಳಿರೋ ಮನೆ ಕಣೋ. ಅದೂ ಆ ಕಾಯಿಲೆ ಅಂತೀಯ. ನೀನೇ ಯೋಚನೆ ಮಾಡು,” ಎಂದಳು ಅಕ್ಕ.

ಅವನು ಯೋಚನೆ ಮಾಡಿದ. ಮಾಳಿಗೆಯ ಮೇಲೊಂದು ತಗಡಿನ ಕೋಣೆ ಇತ್ತು. ಹಳೆಯ ತಂತಿ, ಮುರಿದ ಫ್ಯಾನು, ಬಣ್ಣದ ಡಬ್ಬಿ ತುಂಬಿದ್ದು. ಭಾನುವಾರ ಅದನ್ನು ಖಾಲಿ ಮಾಡತೊಡಗಿದ. ಹಿತ್ತಲಲ್ಲಿ ಕೂತ ಅತ್ತೆ ಮೇಲಿಂದ ಬೀಳುವ ಸಾಮಾನುಗಳ ಸದ್ದು ಕೇಳಿದಳು. ಏನೆಂದು ಕೇಳಲಿಲ್ಲ.

ಅದೇ ವಾರ ಟೀಚರು ಬಂದಳು. ಕುರ್ಚಿಯಲ್ಲಿ ಕೂರಲಿಲ್ಲ. ಬಾಗಿಲು ಮುಂದೆ ಮಾಡಿ, ಬಟ್ಟೆ ಮೇಲೆತ್ತಿ ಮೀನಖಂಡ ತೋರಿಸಿದಳು. ಎರಡು ಕಾಲಲ್ಲೂ ಅದೇ ನೇರಳೆ ಗುಳ್ಳೆಗಳು.

“ನಿಮ್ಮಲ್ಲಿಗೆ ಬಿಟ್ರೆ ನಾನು ಬೇರೆಲ್ಲೂ ಹೋಗಿಲ್ಲ. ಏನಿದು ಹೇಳಿ.”

ಸೊಸೆ ಬಗ್ಗಿ ನೋಡಿದಳು. ಶುಚಿಯಿಂದಲೇ ಕಟ್ಟಿದ ಹೆಸರು. ಸ್ವಂತಕ್ಕೆ ಬಗ್ಗಿದ ಬೆನ್ನು. ಬಾಯಿಗೆ ಮೊದಲು ಬಂದದ್ದನ್ನೇ ಆಡಿಬಿಟ್ಟಳು.

“ನಮ್ಮತ್ತೆಗೆ ಇದೇ ಆಗಿದೆ ಟೀಚರ್. ಕ್ಷಯದ ಜಾತಿ ಅಂತಿದ್ದಾರೆ. ಒಗೆಯೋವಾಗ ಅವರ ಟವೆಲ್ ಹೇಗೋ ಬೆರೆತುಹೋಗಿರ್ಬೇಕು. ಕ್ಷಮಿಸಿ. ಅವರನ್ನ ಮೇಲಿನ ಕೋಣೆಗೆ ಕಳಿಸ್ತಾ ಇದೀವಿ. ಇನ್ನು ಕೆಳಗೆ ಇಳಿಯೋದೇ ಇಲ್ಲ.”

“ಕ್ಷಯನಾ?” ಟೀಚರು ಬಟ್ಟೆಯನ್ನು ತಟ್ಟನೆ ಕೆಳಗೆ ಬಿಟ್ಟಳು. “ನನಗೆ ಎಳೇ ಮಗು ಇದೆ, ಗೊತ್ತಾ ನಿಮಗೆ?”

ಪರದೆಯ ಆಚೆ ಚಹಾದ ಲೋಟ ಕೆಳಗಿಡುವ ಸದ್ದಾಯಿತು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಟೀಚರು ಹೋದ ಮೇಲೆ ಸೊಸೆ ಪರದೆ ಸರಿಸಿದಾಗ ಹಿಂದಿನ ಕೋಣೆಯಲ್ಲಿ ಮುದುಕಿ ತನ್ನ ಬಟ್ಟೆ ಮಡಚಿ ಗಂಟು ಕಟ್ಟುತ್ತಿದ್ದಳು. ಇಸ್ತ್ರಿ ಮಾಡಿದ ಕೈ, ಮಡಿಕೆಗಳು ನೀಟಾಗಿದ್ದವು.

“ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ ನನ್ನ ಮಗಂಗೆ ಹೇಳ್ಬೇಡ,” ಎಂದಳು. “ಒಂದ್ಸಲ ಹತ್ತಿದ್ರೆ ಸಾಕಲ್ಲ. ಇಳಿಯೋದಂತೂ ಇಲ್ಲ ಅಂದ್ಯಲ್ಲ.”

ಸೊಸೆ ಉತ್ತರ ಹುಡುಕಿಕೊಂಡು ಅಡುಗೆಮನೆಗೆ ಹೋದಳು. ಸಿಗಲಿಲ್ಲ. ಪಾತ್ರೆ ಕದಲಿಸಿದಳು.

ದೊಡ್ಡಾಸ್ಪತ್ರೆಯ ಕರೆ ಬಂದದ್ದು ಅತ್ತೆ ಮೇಲೆ ಹತ್ತುವ ಮೊದಲೇ. ಮಗನಿಗೆ ರಜೆ ಸಿಗಲಿಲ್ಲ. ಸೊಸೆಯೇ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಇಬ್ಬರ ನಡುವೆ ಒಂದು ಚೀಲ ಇತ್ತು. ಅದು ಅಲ್ಲೇನೂ ಇರಬೇಕಾಗಿರಲಿಲ್ಲ, ಇಟ್ಟಿದ್ದರು. ಬೆಂಚಿನ ಮೇಲೆ ಕಾದು ಕಾದು ಮಧ್ಯಾಹ್ನ ಮೀರಿತು. ಚರ್ಮದ ಡಾಕ್ಟರಮ್ಮನ ಎದುರಿಗೆ ಚಹಾ ಆರಿಹೋಗಿ ಕೆನೆಗಟ್ಟಿತ್ತು. ಆಕೆಗೂ ದಣಿವಾಗಿತ್ತು, ಆದರೆ ಕಾಲನ್ನು ತನ್ನ ಮಂಡಿಯ ಮೇಲೇ ಎತ್ತಿಟ್ಟುಕೊಂಡು ನೋಡಿದಳು. ಕ್ಷಯದ ಮಾತು ಬಂದ ಮೇಲೆ ಆ ಕಾಲನ್ನು ಮುಟ್ಟಿದವರು ಅವಳೊಬ್ಬಳೇ.

“ಕ್ಷಯ ಅಲ್ಲ ಅಮ್ಮ,” ಎಂದಳು. “ಕ್ಷಯದ ದಾಯಾದಿ ಅನ್ನಿ ಬೇಕಾದ್ರೆ. ಮನೆತನ ಒಂದೇ, ನಡತೆ ಬೇರೆ. ಅದಕ್ಕೇ ಮೊದಲ ಪರೀಕ್ಷೇಲಿ ಹಂಗೆ ಕಂಡಿದೆ. ಇದು ನೀರಲ್ಲಿ, ಮಣ್ಣಲ್ಲಿ, ಕೊಳವೆಗಳಲ್ಲಿ ಬಿದ್ದಿರತ್ತೆ. ಗೀರಿದ ಚರ್ಮ ಸಿಕ್ಕಿದ್ರೆ ಒಳಗೆ ಸೇರ್ಕೊಳತ್ತೆ. ಮಾತ್ರೆ ಬೇರೆ, ತಿಂಗಳುಗಟ್ಟಲೆ ನುಂಗಬೇಕು. ವಾಸಿಯಾಗತ್ತೆ.”

“ಅಂಟತ್ತಾ?” ಎಂದಳು ಸೊಸೆ.

“ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಜೊತೆಗೆ ಉಂಡ್ರೂ ಇಲ್ಲ, ಮಲಗಿದ್ರೂ ಇಲ್ಲ. ಅಮ್ಮ, ಕಾಲನ್ನ ಎಲ್ಲಾದ್ರೂ ನೀರಲ್ಲಿ ನೆನೆಸ್ತೀರಾ? ಕೆರೆ, ತೊಟ್ಟಿ, ಟಬ್ಬು?”

ಅತ್ತೆ ಸೊಸೆಯ ಕಡೆ ನೋಡಲಿಲ್ಲ. ಗೋಡೆಯ ಕ್ಯಾಲೆಂಡರಿಗೆ ಹೇಳಿದಳು. “ನಮ್ಮನೇಲೊಂದು ಕುರ್ಚಿ ಇದೆ. ಅದ್ರಲ್ಲಿ.”

“ಯಾವ ಕುರ್ಚಿ?” ಎಂದಳು ಸೊಸೆ.

“ಇನ್ಯಾವುದು? ನಿನ್ನ ಸಿಂಹಾಸನ. ನೀನು ಮಾಳಿಗೆಗೆ ಹೋದಾಗ ದಿನಾ ಕೂರ್ತಿದ್ದೆ. ಈಗ ಬೈಯಿ.”

ಬೈಯುವ ಶಕ್ತಿ ಸೊಸೆಗೆ ಉಳಿದಿರಲಿಲ್ಲ. ಡಾಕ್ಟರಮ್ಮ ಮುಂದಕ್ಕೆ ಬಗ್ಗಿದಳು. “ಅದೇ ನೀರು ಸುತ್ತಿ ಬರೋ ಥರದ್ದಾ? ನೀರು ಎಳೆಯೋ ಕಡೆ ಜಾಲರಿ ಇರತ್ತಲ್ಲ, ಅದನ್ನ ಬಿಚ್ಚಿ ಹಿಂದುಗಡೆ ತೊಳೀತೀರಾ?”

“ತೊಟ್ಟೀನ ದಿನಾ ಉಜ್ತೀನಿ ಡಾಕ್ಟ್ರೇ. ಮುಖ ಕಾಣತ್ತೆ.”

“ಜಾಲರಿ ಹಿಂದೆ?”

ಸೊಸೆಗೆ ಗಂಡ ಹಿಂಡಿದ ಗೋಂದು ನೆನಪಾಯಿತು. ಆ ಜಾಲರಿ ಬಿಚ್ಚಲು ಬರುವಂತಿರಲಿಲ್ಲ. ನಿಮ್ಮ ಕೈ ಅಂದ್ರೆ ಕೈ ಎಂದು ತಾನೇ ಹೊಗಳಿದ್ದಳಲ್ಲ.

“ಇಂಥ ಗುಳ್ಳೆ ಬೇರೆ ಯಾರಿಗಾದ್ರೂ ಆಗಿದ್ರೆ ಇಲ್ಲಿಗೇ ಕಳಿಸಿ,” ಎಂದಳು ಡಾಕ್ಟರಮ್ಮ. “ಕಾಲು ಶೇವ್ ಮಾಡ್ಕೊಂಡು ಬಂದು ಅದ್ರಲ್ಲಿ ಇಟ್ಟವರಿಗೆ ಬೇಗ ಹಿಡಿಯತ್ತೆ. ಕ್ಷಯದ್ದು ಅಂತ ಬೇರೆ ಮಾತ್ರೆ ನುಂಗ್ತಾ ಕೂತ್ರೆ ಹೊಟ್ಟೆ ಕೆಡತ್ತೆ, ಹುಣ್ಣು ಹಂಗೇ ಇರತ್ತೆ.”

ಸಂಜೆ ಮಗ ಬ್ಲೇಡು ಹಿಡಿದು ಗೋಂದನ್ನು ಕೊಯ್ದ. ಜಾಲರಿ ಕಳಚಿ ಬಂತು. ಅದರ ಹಿಂದೆ ಕೂದಲು, ಸೋಪಿನ ಜಿಡ್ಡು, ಚರ್ಮದ ಹೊಟ್ಟು ಎಲ್ಲ ಕಲೆತು ಬೂದು ಬಣ್ಣದ ಲೋಳೆಯಾಗಿ, ಒದ್ದೆ ಬೆಕ್ಕಿನ ಬಾಲದಂತೆ ಉದ್ದಕ್ಕೆ ಎಳೆದುಕೊಂಡು ಬಂತು. ಚಿನಕುರಳಿ ಮೂಗು ಮುಚ್ಚಿಕೊಂಡು ಓಡಿದಳು. ಹೊರಗೆ ಎಷ್ಟು ಹೊಳೆಯುತ್ತಿತ್ತೋ ಒಳಗೆ ಅಷ್ಟೇ ಕೊಳೆತಿತ್ತು. ಅವನು ನೆಲದ ಮೇಲೆ ಕೂತೇಬಿಟ್ಟ.

“ತಟತಟ ಅಂತಿತ್ತು,” ಎಂದ. “ಬಡ್ಕೊಂಡೇ ಇರ್ಲಿ ಅಂತ ಬಿಟ್ಟಿದ್ರೆ ಆಗ್ತಿತ್ತು.”

“ಇನ್ನು ಬಾಯಿ ಬಡ್ಕೊಂಡು ಏನು ಬಂತು?” ಎಂದಳು ಹೆಂಡತಿ. ಅವಳೂ ಗೋಡೆಗೊರಗಿ ಕೂತಳು. ಮೆಲ್ಲಗೆ ಹೇಳಿದಳು. “ಕುರ್ಚಿ ತೆಗೆದುಹಾಕೋಣ. ಬಕೆಟ್ಟಲ್ಲೇ ಕೆಲಸ ಮಾಡ್ತೀನಿ. ಯಾರಿಗೂ ಏನೂ ಹೇಳೋದು ಬೇಡ.”

“ಟೀಚರ್‌ಗೆ?” ಎಂದಳು ಚಿನಕುರಳಿ ಬಾಗಿಲಿಂದ.

“ಅವರಿಗೆ ಡಾಕ್ಟರಿದ್ದಾರೆ.”

“ಅವರು ಕ್ಷಯ ಅಂತ ಮಾತ್ರೆ ಶುರು ಮಾಡಿದ್ದಾರಂತೆ ಅಮ್ಮ. ಸ್ಕೂಲಲ್ಲಿ ಎಲ್ಲರಿಗೂ ಗೊತ್ತು. ಪಾಪೂನ ಅವರಮ್ಮನ ಮನೇಲಿ ಬಿಟ್ಟಿದ್ದಾರೆ. ಎತ್ಕೊಳ್ಳೋ ಹಂಗಿಲ್ಲ ಅಂತ ಕ್ಲಾಸಲ್ಲೇ ಅತ್ಬಿಟ್ರು.”

“ಬಾಯ್ಮುಚ್ಚೇ! ನಾನು ಈ ಕೋಣೆ ಮಾಡೋಕೆ ಎಷ್ಟು ಬಗ್ಗಿದೀನಿ ಗೊತ್ತಾ ನಿಂಗೆ? ಕುರ್ಚಿಯಿಂದ ಬಂತು ಅಂದ್ರೆ ನಾಳೆ ಒಂದು ನರಪಿಳ್ಳೇನೂ ಈ ಮೆಟ್ಟಿಲು ಹತ್ತಲ್ಲ!”

ಹಿಂದಿನ ಕೋಣೆಯಿಂದ ಅತ್ತೆ ಬಂದು ಪರದೆ ಹಿಡಿದು ನಿಂತಳು. ಗಂಟು ಇನ್ನೂ ಬಿಚ್ಚಿರಲಿಲ್ಲ.

“ನನ್ನ ಮೇಲೇ ಇರ್ಲಿ ಬಿಡು,” ಎಂದಳು. “ನನಗೇನು ಗಂಡು ನೋಡ್ಬೇಕಾ? ಮೇಲಿನ ಕೋಣೇಲಿ ಇರ್ತೀನಿ. ಮುದುಕಿಯಿಂದ ಬಂತು ಅಂದ್ಕೊಂಡೇ ಇರ್ಲಿ ಜನ. ಆದ್ರೆ ಆ ಮಗೂದೊಂದು ಏನಾದ್ರೂ ಮಾಡು. ಇವನ ಅಪ್ಪ ಇವನ್ನ ಒಂದ್ಸಲ ಎತ್ಕೊಳ್ಳೋಕೆ ಎಷ್ಟು ಕೇಳ್ಕೊಂಡ್ರು. ನಾನು ಕೊಡ್ಲಿಲ್ಲ. ಅವರದ್ದು ನಿಜವಾದ ಕಾಯಿಲೆ. ಆ ಟೀಚರಮ್ಮಂದು ಅದಲ್ವಲ್ಲ.”

ಮಗ ತಲೆ ತಗ್ಗಿಸಿದ. ಅವನಿಗೆ ಅದು ಗೊತ್ತೇ ಇರಲಿಲ್ಲ.

ಸೊಸೆ ಆ ಲೋಳೆಯನ್ನು ಹಳೇ ಕಾಗದದಲ್ಲಿ ಸುತ್ತಿ ಹೊರಗೆ ಎಸೆದು ಬಂದಳು. ಕೈ ತೊಳೆದಳು. ಎರಡನೇ ಸಲ ತೊಳೆದಳು. ಆಮೇಲೆ ಮುಖಕ್ಕೂ ನೀರು ಚಿಮುಕಿಸಿಕೊಂಡು, “ಚಪ್ಪಲಿ ಹಾಕ್ಕೊಳ್ಳಿ ಅತ್ತೆ,” ಎಂದಳು. “ನಾನೊಬ್ಳೇ ಹೇಳಿದ್ರೆ ಅವರು ನಂಬಲ್ಲ.”

ಟೀಚರಿನ ಮನೆ ಎರಡು ಬೀದಿ ಆಚೆ. ಮುದುಕಿಯ ನಡಿಗೆಗೆ ಅದೇ ದೂರವಾಯಿತು. ಬಾಗಿಲು ತೆರೆದವಳು ಅತ್ತೆಯನ್ನು ಕಂಡೊಡನೆ ಕೈ ಅಡ್ಡ ಹಿಡಿದಳು.

“ಅಲ್ಲೇ ನಿಂತ್ಕೊಳ್ಳಿ! ಇವರನ್ನ ಯಾಕೆ ಕರ್ಕೊಂಡು ಬಂದ್ರಿ?”

“ಟೀಚರ್, ಇದು ಇವರಿಂದ ಬಂದಿದ್ದಲ್ಲ,” ಎಂದಳು ಸೊಸೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಹೋಗಿದ್ದವು. “ನನ್ನ ಕುರ್ಚಿಯಿಂದ ಬಂದಿದ್ದು. ನೀರು ಎಳೆಯೋ ಜಾಗದ ಹಿಂದೆ ಕೊಳೆ ತುಂಬಿತ್ತು. ಅದನ್ನ ನಾವು ಒಂದ್ಸಲವೂ ಬಿಚ್ಚಿಲ್ಲ. ಇವರಿಗೂ ಅಲ್ಲಿಂದಾನೇ ಆಗಿದೆ. ಟವೆಲ್ ಬೆರೆತಿದೆ ಅಂದಿದ್ದು ಸುಳ್ಳು. ನಾನೇ ಕಟ್ಟಿ ಹೇಳ್ದೆ. ಇದು ಕ್ಷಯ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ ಅಂತ ದೊಡ್ಡಾಸ್ಪತ್ರೆ ಡಾಕ್ಟ್ರು ಹೇಳಿದ್ದಾರೆ. ಆ ಮಾತ್ರೆ ನಿಲ್ಲಿಸಬೇಕಾ ಅಂತ ನಾಳೇನೇ ಹೋಗಿ ಅವರನ್ನ ಕೇಳಿ.”

ಟೀಚರು ಕೇಳಿದ್ದು ಒಂದೇ ಮಾತು.

“ಮಗೂನ ಎತ್ಕೋಬಹುದಾ?”

“ಎತ್ಕೋಬಹುದು ತಾಯಿ,” ಎಂದಳು ಅತ್ತೆ. “ಹುಣ್ಣಿಗೊಂದು ಬಟ್ಟೆ ಕಟ್ಕೊಂಡು, ಎತ್ಕೋ.”

ಟೀಚರು ಥೂ ಎನ್ನಲಿಲ್ಲ, ಥ್ಯಾಂಕ್ಸ್ ಎನ್ನಲಿಲ್ಲ. ಸೊಸೆಯ ಮುಖವನ್ನು ದಿಟ್ಟಿಸಿ ನೋಡಿ, “ಇಷ್ಟು ದಿನ ನನ್ನ ಮಗು ಬೇರೆಯವರ ಮಡಿಲಲ್ಲಿ ಮಲಗಿದೆ ಕಣ್ರೀ,” ಎಂದು ಬಾಗಿಲು ಹಾಕಿಕೊಂಡಳು. ಒಳಗಿಂದ ಫೋನಿನಲ್ಲಿ ಕೂಗುವುದು ಕೇಳಿತು. ಅಮ್ಮಾ, ಈಗಲೇ ಕರ್ಕೊಂಡು ಬಾ, ಈಗಲೇ.

ಮೆಟ್ಟಿಲಿಳಿಯುವಾಗ ಸೊಸೆ ಅತ್ತೆಯ ತೋಳು ಹಿಡಿದಳು.

ಸೊಸೆ ಬ್ಯಾಂಕಿನಾಕೆಗೂ ಹೇಳಿದಳು, ಔಷಧಿ ಅಂಗಡಿಗೆ ಹೋಗಿ ಅಲ್ಲಿಯ ಹುಡುಗಿಯರಿಗೂ ಹೇಳಿದಳು. ಅವರಲ್ಲೊಬ್ಬಳು ಸದ್ದಿಲ್ಲದೆ ತನ್ನ ಕಾಲು ತೋರಿಸಿದಳು. ಹೆದರಿದ್ದಂತೆಯೇ ಆಯಿತು. ಮುಂದಿನ ವಾರ ಪಾರ್ಲರಿನ ಮೆಟ್ಟಿಲನ್ನು ಯಾರೂ ಹತ್ತಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಸೊಸೆ ಹಳೆಯ ಪಾರ್ಲರಿನ ಯಜಮಾನಿಗೆ ಫೋನು ಮಾಡಿ, ಕೆಲಸ ಇದೆಯಾ ಎಂದು ಕೇಳಿದಳು. ಮತ್ತೆ ಬೇರೆಯವರಿಗೆ ಬಗ್ಗುವುದೇ ಆಯಿತು. ಮಗ ಬಾಗಿಲನ್ನು ಮತ್ತೊಮ್ಮೆ ಕಳಚಿ, ಕುರ್ಚಿಯನ್ನು ಇನ್ನಾರೂ ಕೂರದ ಹಾಗೆ ಬಿಡಿಬಿಡಿಯಾಗಿ ಮುರಿದು ಹೊರಗೆ ಸಾಗಿಸಿದ. ಆ ದಿನ ಮನೆಯಲ್ಲಿ ಬೇಕಾದಷ್ಟು ಸದ್ದಾಯಿತು. ಯಾರೂ ಏನೂ ಅನ್ನಲಿಲ್ಲ.

ಅತ್ತೆಯ ಮಂಚ ಕಿಟಕಿಯ ಪಕ್ಕಕ್ಕೆ ಬಂತು. ಚಿನಕುರಳಿ ಒಬ್ಬಳಿಗೇ ನಿದ್ದೆ ಬರುವುದಿಲ್ಲವೆಂದು ಅಲ್ಲಿಗೇ ತನ್ನ ಹಾಸಿಗೆಯನ್ನೂ ಎಳೆದುಕೊಂಡು ಬಂದಳು. ಹೊಸ ಮಾತ್ರೆಗೆ ಹುಣ್ಣುಗಳು ನಿಧಾನವಾಗಿ ಒಣಗತೊಡಗಿದವು. ಆದರೆ ಊಟದ ಹೊತ್ತಿಗೆ ಅತ್ತೆ ಅದೇ ನೀಲಿ ಅಂಚಿನ ತಟ್ಟೆಗೆ ಬಡಿಸಿಕೊಂಡು ಹಿತ್ತಲ ಮೆಟ್ಟಿಲಿಗೇ ಹೋಗುತ್ತಿದ್ದಳು. ಕೇಳಿದರೆ, “ಇಲ್ಲಿ ಗಾಳಿ ಚೆನ್ನಾಗಿದೆ” ಎನ್ನುವಳು.

ಒಂದು ಸಂಜೆ ಸೊಸೆ ಕೆಲಸದಿಂದ ಬಂದು, ಬೆನ್ನು ಹಿಡಿದುಕೊಂಡು, ತನ್ನ ಸ್ಟೀಲು ತಟ್ಟೆಗೆ ಅನ್ನ ಬೇಳೆ ಹಾಕಿಕೊಂಡಳು. ಕೂರಲಿಲ್ಲ. ನೇರ ಹಿತ್ತಲಿಗೆ ಹೋಗಿ ಅತ್ತೆಯ ಪಕ್ಕ ಮೆಟ್ಟಿಲ ಮೇಲೆ ಕೂತು, ಅವಳ ಕೈಯಿಂದ ಎನಾಮಲ್ ತಟ್ಟೆ ತೆಗೆದುಕೊಂಡಳು. ಅದರಲ್ಲಿ ಅರ್ಧ ಉಂಡ ಅನ್ನವಿತ್ತು. ತನ್ನ ತಟ್ಟೆಯನ್ನು ಅತ್ತೆಯ ತೊಡೆಯ ಮೇಲಿಟ್ಟಳು.

“ಏನು ಮಾಡ್ತಿದೀಯೇ? ಅದು ನನ್ನ ಎಂಜಲು.”

ಸೊಸೆ ಚಕ್ಕೆಯೆದ್ದ ಆ ತಟ್ಟೆಯಿಂದ ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡಳು. ನುಂಗಲು ಕಷ್ಟವಾಯಿತು, ನುಂಗಿದಳು.

“ಬೇಡ ಅತ್ತೆ, ಒಳಗೆ ಬನ್ನಿ,” ಎಂದಳು. “ಅವತ್ತೇ ಹೇಳ್ಬೇಕಿತ್ತು.”

“ಹೌದು,” ಎಂದಳು ಅತ್ತೆ. “ಹೇಳ್ಬೇಕಿತ್ತು.”

ಇಬ್ಬರೂ ಇನ್ನೊಂದೆರಡು ತುತ್ತು ಉಂಡರು. ಆಮೇಲೆ ಅತ್ತೆ ಸೊಸೆಯ ಹೆಗಲಿಗೆ ಕೈಯೂರಿ ಎದ್ದು, ಸ್ಟೀಲು ತಟ್ಟೆ ಹಿಡಿದುಕೊಂಡು ಒಳಗೆ ನಡೆದಳು.